ಹೆಂಡತಿಯ ಮನಸ್ಸಿಗೆ ಗಂಡ ಬಳಿದ ಬಣ್ಣ

ಬೀದರಿನ ಗುರುಪ್ರಸಾದ ನಾಸಿಕ್‌ನ ಪಂಚವಟಿಯಲ್ಲಿ ಬ್ಯಾಂಕ್ ಅಧಿಕಾರಿ. ಉಂಡ ತಟ್ಟೆಯನ್ನು ಎತ್ತಿ ಪಾತ್ರೆ ತೊಳೆಯುವ ಮೋರಿಗಿಡಲು ಬಾರದ ಈ ಮಹಾಶಯ, ಹೆಂಡತಿಯ ಮನಸ್ಸನ್ನು ಮಾತ್ರ ಅಳೆಯಬಲ್ಲೆನೆಂದು ನಂಬಿದ್ದ.

ಹೆಂಡತಿ ರೂಪಾಳಿಗೆ ಬೈಪೋಲಾರ್ ಕಾಯಿಲೆ. ಮನಸ್ಸು ಕೆಲವು ವಾರ ಗಾಳಿಪಟ, ಕೆಲವು ವಾರ ಬಾವಿಗೆ ಬಿದ್ದ ಕೊಡ. ಹಿಂದಿನ ವರ್ಷ ಆಸ್ಪತ್ರೆ ಸೇರಿದ್ದಳು. ಮತ್ತೆ ಆ ವಾರ್ಡಿಗೆ ಹೋಗಬಾರದೆಂಬುದೊಂದೇ ಅವಳ ಹಟ. ನಾಸಿಕ್‌ನಲ್ಲಿ ಯಾರಾದರೂ ಕಂಡಾರೆಂದು ಗಂಡ ಅವಳನ್ನು ಔರಂಗಾಬಾದಿಗೆ, ಅಂದರೆ ಈಗಿನ ಛತ್ರಪತಿ ಸಂಭಾಜಿನಗರಕ್ಕೆ, ಕರೆದೊಯ್ಯುತ್ತಿದ್ದ. ಅಲ್ಲಿ ನೆಲೆಸಿದ್ದ ಧಾರವಾಡದ ಡಾಕ್ಟರ್ ಮೃಣಾಲಿನಿ, ದಿನದಿನದ ಮನಸ್ಸನ್ನು ಗುರುತಿಸಲು ಚಾರ್ಟ್ ಒಂದನ್ನು ಕೊಟ್ಟರು: ಮನಸ್ಸು ಏರಿದರೆ ಕೆಂಪು, ಕುಗ್ಗಿದರೆ ನೀಲಿ, ಸಮವಿದ್ದರೆ ಹಸಿರು. ರೂಪಾ ಕೈಚಾಚುವ ಮೊದಲೇ ಗುರುಪ್ರಸಾದ ಅದನ್ನು ಜೇಬಿಗಿಳಿಸಿದ.

"ತಲಿ ಕೆಟ್ಟಾಕಿಗೆ ತನ್ನ ತಲಿ ತಿಳೀತದೇನು? ನೀನೇ ಬರಿ," ಅಂದಳು ಅತ್ತೆ ಶಾಂತಾಬಾಯಿ.

ಚಾರ್ಟ್ ಅಡುಗೆಮನೆಯ ಗೋಡೆಗೇರಿತು. "ನಿಮ್ಮ ಡಬ್ಬಿ ನೀವೇ ತೊಳಕೊಳ್ರಿ" ಎಂದು ರೂಪಾ ಅಂದ ದಿನ ಕೆಂಪು. ಸಾರಿಗೆ ಉಪ್ಪು ಮರೆತ ದಿನ ನೀಲಿ. ನಕ್ಕರೂ ಕೆಂಪಾದೀತೆಂದು ರೂಪಾ ಸೆರಗು ಬಾಯಿಗಿಟ್ಟುಕೊಂಡಳು.

ಚಳಿ ಇಳಿಯುವ ಹೊತ್ತಿಗೆ ಅವಳು ಕೋಳಿ ಕೂಗುವ ಮೊದಲೇ ಎದ್ದು ಖಡಕ್ ರೊಟ್ಟಿ ಬಡಿಯತೊಡಗಿದಳು. ರೊಟ್ಟಿಯ ಅಟ್ಟಿ ಗೋಡೆಯ ಮೇಲಿನ ಕಪಾಟು ಮುಟ್ಟಿತು. ಪಾತ್ರೆ ಹೊಳೆದವು, ಒಗೆದ ಪರದೆಗಳನ್ನೇ ಮತ್ತೆ ಒಗೆದದ್ದಾಯಿತು. ನಿದ್ದೆ ಹತ್ತಿರ ಸುಳಿಯಲಿಲ್ಲ.

"ಈಗ ಹಾದಿಗೆ ಬಂದ್ಳು ನೋಡ್ರಿ ನಮ್ಮ ಸೊಸಿ," ಎಂದು ಶಾಂತಾಬಾಯಿ ನೆರೆಮನೆಗೆಲ್ಲ ರೊಟ್ಟಿ ಹಂಚಿದಳು. ಗುರುಪ್ರಸಾದ ದಿನವೂ ಹಸಿರು ಬಳಿದ: ಸರಿಯಾಗಿದ್ದಾಳೆ.

ಮುಂದಿನ ಭೇಟಿಯಲ್ಲಿ ಡಾಕ್ಟರು ಚಾರ್ಟ್ ನೋಡಿದರು. "ಈ ಕೆಂಪು ದಿನ ಏನಾಗಿತ್ರಿ?"

"ಡಬ್ಬಿ ನನಗ ತೊಳಿ ಅಂದ್ಳು, ಮೇಡಂ."

"ಅವತ್ತು ನಿದ್ದಿ?"

"ಚೆಂದಾಗಿ ಮಲಗಿದ್ಳು."

"ಈ ಹಸಿರು ದಿನ?"

"ಆಗಂತೂ ಭಾಳ ಛಲೋ ಇದ್ಳರೀ! ಮಲಗದಂಗ ದುಡದ್ಳು."

"ಅದೇ ರೋಗ ಏರಿದ್ದು. ನೀವು ಬರದದ್ದು ಆಕಿ ಮನಸ್ಸಲ್ಲ, ನಿಮ್ಮ ಮನಿಗೆಲಸ."

ಔಷಧಿ ಬದಲಿಸಿ, ಹೊಸ ಚಾರ್ಟನ್ನೂ ಪೆನ್ನನ್ನೂ ರೂಪಾಳ ಕೈಗಿತ್ತರು. ಮೊದಲು ನಿದ್ದೆ ಬರೆಯಬೇಕು, ಆಮೇಲೆ ಮನಸ್ಸು.

ಅದೇನು ಸುಖದ ಕೆಲಸವಲ್ಲ. ತನ್ನ ಪ್ರತಿ ನಗುವನ್ನೂ ರೋಗವೇ ಎಂದು ಅನುಮಾನಿಸುವ ಚಟ ಅವಳಿಗೆ ಅಂಟಿತು. ಆದರೆ ಮುಂದಿನ ಬೇಸಿಗೆಯಲ್ಲಿ ನಿದ್ದೆ ಕರಗತೊಡಗಿದ್ದನ್ನು ಮನೆಯಲ್ಲಿ ಕಂಡವಳು ಅವಳೊಬ್ಬಳೇ. ಈ ಸಲ ವಾರ್ಡಿನ ತನಕ ಕಾಯದೆ, ಬ್ಯಾಗು ಹೆಗಲಿಗೇರಿಸಿ ಔರಂಗಾಬಾದಿನ ಬಸ್ಸಿಗೆ ಹೊರಟಳು.

"ರೊಟ್ಟಿ ಯಾರ ಬಡೀಬೇಕವಾ?" ಶಾಂತಾಬಾಯಿ ಬಾಗಿಲಿಗಡ್ಡ ನಿಂತಳು.

"ನಿಮ್ಮ ಮಗಗ ಬಣ್ಣ ಬಳಿಯಾಕ ಬರ್ತದಲ್ರಿ, ಅತ್ತಿ. ಹಿಟ್ಟು ಡಬ್ಬ್ಯಾಗದ. ಕಲೀಲಿ."