ತನ್ನಾ ಅಂದರೆ ಯಾರದು?

ಜಹೀರಾಬಾದು, ನಾರಾಯಣಖೇಡ, ತಾಂಡೂರುಗಳ ನಡುವಿನ ಈ ತೊಗರಿ-ಜೋಳದ ಸೀಮೆಯಲ್ಲಿ ದ್ರಾಕ್ಷಿ ಬೆಳೆಯುವವರೇ ಕಡಿಮೆ, ವೈನಿಗೆಂದು ಬೆಳೆಯುವವರು ಇನ್ನೂ ಕಡಿಮೆ. ಇಂಥಲ್ಲಿ ತನ್ನಾ ಎಂಬ ಕಪ್ಪುಗೆಂಪು ದ್ರಾಕ್ಷಿಯನ್ನು ತಂದು ನೆಲೆಗೊಳಿಸಿದವರು ಶ್ರೀಮತಿ ಧಮ್ಮಶೀಲಾ ಅವರೊಬ್ಬರೇ. ಜಹೀರಾಬಾದಿನ ವೈನ್ ಘಟಕದ ಮೇಲ್ವಿಚಾರಕಿಯ ಕೆಲಸದಿಂದ ಅವರೀಗ ನಿವೃತ್ತರಾಗುತ್ತಿದ್ದಾರೆ. ಅವರ ತಾಳ್ಮೆಯನ್ನು ಹೊಗಳುವ ಬರಹಗಳು ಈ ಅಭಿನಂದನ ಸಂಪುಟದಲ್ಲಿ ಬೇಕಾದಷ್ಟು ಇರುತ್ತವೆ. ಆ ತಾಳ್ಮೆಯಿಂದ ಉಳಿದವರ ತಲೆ ಎಷ್ಟು ಕೆಟ್ಟಿತು ಎಂಬುದೂ ಎಲ್ಲಾದರೂ ಒಂದು ಕಡೆ ದಾಖಲಾಗಬೇಕಲ್ಲ. ಅದಕ್ಕೆ ಈ ಬಳ್ಳಿ ಬೆಳೆದ ಮನೂರಿನ ಬಂಡೆಪ್ಪನಷ್ಟು ಒಳ್ಳೆಯ ಸಾಕ್ಷಿ ಸಿಗಲಾರ.

ತಾಂಡೂರಿನ ಸಿಮೆಂಟ್ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಸುಣ್ಣಕಲ್ಲಿನ ಪುಡಿ ಪರೀಕ್ಷಿಸುತ್ತ ನೌಕರಿ ಆರಂಭಿಸಿದ ಧಮ್ಮಶೀಲಾ ಅವರು, ಕಲ್ಲು ಸಾಕಾಗಿ ಹಣ್ಣಿನ ಕಡೆ ತಿರುಗಿ ಜಹೀರಾಬಾದಿಗೆ ಬಂದರು. ಪಂಚಶೀಲವನ್ನು ಕಟ್ಟುನಿಟ್ಟಾಗಿ ಪಾಲಿಸುವ ಬೌದ್ಧ ಮನೆತನ ಅವರದು. ಮದ್ಯದ ಹನಿ ಗಂಟಲಿಗಿಳಿಯಬಾರದು. ಹಾಗಾಗಿ ಇಷ್ಟು ವರ್ಷ ಅವರು ವೈನನ್ನು ಮೂಸಿ, ಬಾಯಲ್ಲಿ ತಿರುಗಿಸಿ, ಉಗುಳಿಯೇ ಅದರ ಗುಣ ಹೇಳಿದ್ದಾರೆ. "ಕುಡೀಲಾರ್ದೋರಿಗಿ ಏನ್ ತಿಳೀತದರಿ?" ಎಂದು ಘಟಕದ ವ್ಯವಸ್ಥಾಪಕ ಪ್ರೇಮಕುಮಾರ ಒಮ್ಮೆ ಕೆಣಕಿದಾಗ, "ಕುಡಿಯೋರಿಗಿ ಎರಡನೇ ಗ್ಲಾಸಿಗಿ ಏನೂ ತಿಳ್ಯಂಗಿಲ್ಲ" ಎಂದು ಹೇಳಿ ತಮ್ಮ ಕೆಲಸಕ್ಕೆ ಹೋದವರು ಅವರು.

ಬಂಡೆಪ್ಪನದು ತಲೆಮಾರುಗಳಿಂದ ಕುರಿ ಸಾಕಿದ ಮನೆ. ಕುರಿ ತರುಬಿ ನಿಲ್ಲಿಸುತ್ತಿದ್ದ ಕೆಮ್ಮಣ್ಣಿನ ದಿನ್ನೆಯನ್ನು ಅವನು ಅಣ್ಣತಮ್ಮಂದಿರ ಮಾತು ಮೀರಿ ಘಟಕದ ದ್ರಾಕ್ಷಿಗೆ ಬಿಟ್ಟುಕೊಟ್ಟ. ಸಸಿ ಇಳಿಸುವ ದಿನ, "ಇವು ಯಾರವರಿ ಅಕ್ಕೋರ?" ಎಂದು ಕೇಳಿದ. ಯಾವ ಜಾತಿಯವು ಎಂದು ಕೇಳುತ್ತಿದ್ದಾನೆಂದು ತಿಳಿದ ಧಮ್ಮಶೀಲಾ ಅವರು, "ತನ್ನಾ" ಎಂದರು.

"ತನ್ನವ ಅಂದ್ರ? ಕಂಪನಿದು ತನ್ನವಾ?"

"ಹೂಂ, ಕಂಪನಿನೇ ತರಿಸ್ಯಾದ. ತನ್ನಾ."

ಅಷ್ಟು ಸಾಕಾಯಿತು. ಸಸಿ ತನ್ನವು ಅಂದವರು ನಾಳೆ ನೆಲವೂ ತನ್ನದು ಅಂತಾರೆ ಎಂದು ಸಂಜೆಯೊಳಗೆ ಊರೆಲ್ಲ ತೀರ್ಮಾನಿಸಿತು. ಬಂಡೆಪ್ಪನ ಹೆಂಡತಿ ಪೀರಮ್ಮ ಮರುದಿನ ಬೆಳಿಗ್ಗೆ ಒಂದು ಸಾಲನ್ನು ಪೂರಾ ಕಿತ್ತು ಬದುವಿನ ಮೇಲೆ ಒಗೆದಳು. ಷೇರ್ ಆಟೋ ಇಳಿದು ಬಂದ ಧಮ್ಮಶೀಲಾ ಅವರು ಬೈಯಲಿಲ್ಲ. ಬಕೆಟ್ಟಿನಲ್ಲಿ ನೀರು ತರಿಸಿ, ಬೇರು ನೆನೆಯಿಟ್ಟು, ಮಣ್ಣಲ್ಲಿ ಕೂತು ಒಂದೊಂದನ್ನೇ ತಿರುಗಿ ನೆಟ್ಟರು. ಇದು ಫ್ರಾನ್ಸ್ ದೇಶದ ದ್ರಾಕ್ಷಿಯ ಹೆಸರು, ಇಂಗ್ಲಿಷಿನಲ್ಲಿ ಕೊನೆಗೊಂದು ಟಿ ಅಕ್ಷರ ಬರೆಯುತ್ತಾರೆ, ಆದರೆ ಅನ್ನುವುದಿಲ್ಲ ಎಂದು ವಿವರಿಸಿದರು.

"ಬರ್ದದ್ದು ನುಂಗೋ ಮಂದಿ ಎಂಥವ್ರರಿ?" ಎಂದ ಬಂಡೆಪ್ಪ, ಇನ್ನೂ ಸಿಟ್ಟಿನಲ್ಲೇ.

"ಅವ್ರು ನುಂಗ್ತಾರ, ನಾ ಉಗುಳ್ತೀನಿ. ಲೆಕ್ಕ ಸಮ ಆತು."

ಪೀರಮ್ಮ ನಕ್ಕು ತಾನೂ ಸಸಿ ಹಿಡಿದಳು. ಬಂಡೆಪ್ಪ ಮಾತ್ರ ನಗಲಿಲ್ಲ.

ನಗುವುದಕ್ಕೆ ಕಾರಣವೂ ಇರಲಿಲ್ಲ. ಫಲ ಹಿಡಿದ ಮೇಲೆ, ಬೇರೆ ಜಾತಿಯ ಬಳ್ಳಿಗಳು ಕೊಯ್ಲು ಮುಗಿಸಿ ಹಾಯಾಗಿ ನಿಂತಾಗಲೂ ಈ ತನ್ನಾ ಗೊಂಚಲು ಹೊತ್ತು ನಿಂತಿರುತ್ತಿತ್ತು. ಗಿಳಿ ಓಡಿಸಿ ಓಡಿಸಿ ಅವನ ಗಂಟಲು ಬಿತ್ತು. ಆಲಿಕಲ್ಲಿನ ಮೋಡ ಕಂಡರೆ ಊಟ ಬಿಟ್ಟು ತೋಟಕ್ಕೆ ಓಡುತ್ತಿದ್ದ. ಧಮ್ಮಶೀಲಾ ಅವರು ಬರುವರು, ಒಂದು ಹಣ್ಣು ಬಾಯಿಗೆ ಹಾಕಿಕೊಂಡು ಬೀಜ ಕಡಿಯುವರು, "ಬೀಜ ಇನ್ನಾ ಹಸರ ಅದ. ಆಗಿಲ್ಲ" ಎಂದು ಹೊರಟುಬಿಡುವರು. ಸಕ್ಕರೆ ಬಂದಿದೆ, ಬಣ್ಣ ಬಂದಿದೆ, ಇನ್ನೇನು ಬರಬೇಕು ಇದಕ್ಕೆ, ಇನಾಮು ಪತ್ರವೇ? ಹಾಗೆಂದು ಅವನು ಕಿರುಚಿದ್ದೂ ಉಂಟು. ಅವರು ಅವನ ಕೈಗೂ ಒಂದು ಹಣ್ಣು ಕೊಟ್ಟು, "ನೀವೇ ಕಡೀರಿ" ಎಂದರು. ಕಡಿದ. ಕಹಿ ತಲೆಗೇರಿತು.

ಅವರ ಮೇಲೆ ಸಿಟ್ಟು ಪೂರ್ತಿ ಇಟ್ಟುಕೊಳ್ಳಲೂ ಆಗುತ್ತಿರಲಿಲ್ಲ ಎಂಬುದೇ ದೊಡ್ಡ ತಲೆನೋವು. ಮೈಲುತುತ್ತ ಸಿಂಪಡಿಸಿದ ಎಲೆ ಕುರಿಗೆ ವಿಷ, ತೋಟಕ್ಕೆ ಬಿಡಬೇಡಿ ಎಂದು ಅವರು ಹೇಳಿಯೇ ಇದ್ದರು. ಆದರೂ ಕುರಿ ನುಗ್ಗಿದವು. ಆಗ ನಾರಾಯಣಖೇಡದಿಂದ ಪಶುವೈದ್ಯರನ್ನು ಕರೆತಂದು, ಹಟ್ಟಿಯಲ್ಲಿ ಕೂತು, ಕುರಿಗಳ ಬಾಯಿ ಹಿಡಿದು ಔಷಧ ಹಾಕಿದವರು ಅವರೇ. "ಹೇಳಿರಲಿಲ್ಲೇನು" ಎಂಬ ಒಂದು ಮಾತೂ ಅವರ ಬಾಯಿಂದ ಬರಲಿಲ್ಲ. ಬಂದಿದ್ದರೆ ಬಂಡೆಪ್ಪನಿಗೆ ತಿರುಗಿ ಬೈಯಲು ಅನುಕೂಲವಾಗುತ್ತಿತ್ತು.

ಮೊದಲ ಬೆಳೆಯ ವೈನು ಪೀಪಾಯಿಗೆ ಹೋಗುವ ಮುನ್ನ ಅವನಿಗೂ ಒಂದು ಗುಟುಕು ಸಿಕ್ಕಿತು. ನಾಲಿಗೆಯ ಮೇಲೆ ಒಣ ಕಂಬಳಿ ಹೊದಿಸಿದಂತಾಯಿತು. ಪ್ರೇಮಕುಮಾರನೂ ಮುಖ ಸಿಂಡರಿಸಿ, ಬಳ್ಳಿಗಳನ್ನು ಕಿತ್ತು ಮಾರುಕಟ್ಟೆಗೆ ಗೊತ್ತಿರುವ ಜಾತಿ ಹಾಕೋಣವೆಂದ. ತನ್ನಾದ ಸಿಪ್ಪೆ ದಪ್ಪ, ಅದರ ಒಗರು ಮರದ ಪೀಪಾಯಿಯಲ್ಲಿ ಮಲಗಿ ಮಲಗಿಯೇ ಇಳಿಯಬೇಕು, ತಾವು ನಿವೃತ್ತರಾಗುವವರೆಗೆ ತೋಟಕ್ಕೆ ಕೈ ಹಚ್ಚಬೇಡಿ ಎಂದು ಧಮ್ಮಶೀಲಾ ಅವರು ಕೇಳಿಕೊಂಡರು. ಅಲ್ಲಿಂದ ಬಂಡೆಪ್ಪನಿಗೆ ನಿದ್ದೆ ಹಾರಿತು. ಕುರಿಯ ದಿನ್ನೆ ಮೊದಲೇ ಹೋಗಿತ್ತು, ಈಗ ಬಳ್ಳಿಯೂ ಹೋದರೆ ಅಣ್ಣತಮ್ಮಂದಿರ ಎದುರು ಮುಖ ಎತ್ತುವ ಹಾಗಿರಲಿಲ್ಲ. "ಅಕ್ಕೋರ, ನಿಮ್ಮ ವೈನ್ ಮಲಗ್ಯಾದ, ನನಗ ಎಬ್ಬಿಸಿ ಕುಂದ್ರಿಸ್ಯಾದ" ಎಂದು ಫೋನು ಮಾಡಿ ಜಗಳ ತೆಗೆಯುತ್ತಿದ್ದ. "ಇನ್ನಾ ಆಗಿಲ್ಲ ಬಂಡೆಪ್ಪಣ್ಣ" ಎಂದು ಅವರು ಫೋನು ಇಡುತ್ತಿದ್ದರು.

ಕಳೆದ ತಿಂಗಳು ಪೀಪಾಯಿ ತೆರೆದರು. ಧಮ್ಮಶೀಲಾ ಅವರು ಮೂಸಿ, ಬಾಯಲ್ಲಿ ತಿರುಗಿಸಿದರು. ಬಹಳ ಹೊತ್ತು ಉಗುಳಲಿಲ್ಲ. ನುಂಗಿಬಿಟ್ಟರೋ ಏನೋ ಎಂದು ಬಂಡೆಪ್ಪ ಹೆದರಿದ. ಆಮೇಲೆ ಉಗುಳಿ, "ಆತು" ಎಂದರು. ಪ್ರೇಮಕುಮಾರ ಗ್ಲಾಸು ಖಾಲಿ ಮಾಡಿ, ಮತ್ತೊಂದಕ್ಕೆ ಕೈ ಚಾಚಿ, ತೋಟ ಇರಲಿ ಎಂದ. ಬಂಡೆಪ್ಪನ ನಾಲಿಗೆಯ ಮೇಲೆ ಕಂಬಳಿ ಹಾಗೇ ಇತ್ತು, ಆದರೆ ಈಗ ಅದು ಚಳಿಗಾಲದಲ್ಲಿ ಹೊದೆಯುವ ಕಂಬಳಿಯಾಗಿತ್ತು.

ಈ ವರ್ಷದ ಕೊಯ್ಲಿಗೆ ಧಮ್ಮಶೀಲಾ ಅವರು ರಜೆಯಲ್ಲಿದ್ದಾಗಲೇ ಘಟಕದವರು ಹಣ್ಣು ಒಯ್ಯಲು ಖಾಲಿ ಕ್ರೇಟು ತುಂಬಿದ ಗಾಡಿ ಕಳಿಸಿದರು. ಬಂಡೆಪ್ಪ ಒಂದು ಹಣ್ಣು ಕಿತ್ತು ಬೀಜ ಕಡಿದು, "ಇನ್ನಾ ಆಗಿಲ್ಲ" ಎಂದು ಗಾಡಿಯನ್ನು ವಾಪಸು ಅಟ್ಟಿದ. ಪ್ರೇಮಕುಮಾರ ಫೋನಿನಲ್ಲಿ ಹಾರಾಡಿದ: "ತನ್ನಾ ನಿಲ್ಲಿಸಾಕ ನೀ ಯಾರೋ? ಯಾರ್ದದು?"

"ನಂದು" ಎಂದ ಬಂಡೆಪ್ಪ.

ಸುದ್ದಿ ಕೇಳಿ ಧಮ್ಮಶೀಲಾ ಅವರು ಮನೂರಿಗೆ ಬಂದು, ತಾವೂ ಬೀಜ ಕಡಿದು, ಪೀರಮ್ಮನ ಕೈಯ ಚಹಾ ಕುಡಿದು, ಗಾಡಿ ಕರೆಸದೆಯೇ ಹೋದರು. ಇನ್ನು ಮುಂದೆ ನೌಕರಿಯ ಹಂಗಿಲ್ಲದೆ ಪ್ರತಿ ಕೊಯ್ಲಿಗೂ ಹೀಗೆಯೇ ಬಂದು ಎಲ್ಲರನ್ನೂ ಕಾಯಿಸಲಿ. ತನ್ನಾ ತಡವಾಗಿ ಹಣ್ಣಾಗುವ ಬಳ್ಳಿ. ಅಕ್ಕೋರೂ ಹಾಗೆಯೇ ತಡಮಾಡಿ ಹಣ್ಣಾಗಲಿ. ಅವರಿಗೆ ಎಷ್ಟೇ ವಯಸ್ಸಾದರೂ ಮನೂರಿನ ದಿನ್ನೆಯ ಮೇಲೆ ನಿಂತು ಬಂಡೆಪ್ಪ ಅನ್ನುವುದು ಅದೊಂದೇ ಮಾತು: ಇನ್ನಾ ಆಗಿಲ್ಲ.