ಅರಮನೆಯ ಹೊಸಿಲೂ ಅಪಾರ್ಟ್‌ಮೆಂಟಿನ ಪಟ್ಟಿಯೂ

ಸನ್ನಿವೇಲಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಸಕಲ ಸೌಕರ್ಯಗಳೂ ಇವೆ, ಹೊಸಿಲೊಂದಿಲ್ಲ. ಅದರ ಸ್ಥಾನದಲ್ಲಿ ಬಾಗಿಲಿನ ಬುಡಕ್ಕೆ ಎರಡು ಬೆರಳಗಲದ ಒಂದು ಅಲ್ಯೂಮಿನಿಯಂ ಪಟ್ಟಿ ಬಡಿದಿದ್ದಾರೆ. ಶನಿವಾರ ಬೆಳಿಗ್ಗೆ ಪತಿಧರ್ಮವನ್ನು ಪರಿಪಾಲಿಸುತ್ತ ನಾನು ವ್ಯಾಕ್ಯೂಮ್ ಕ್ಲೀನರನ್ನು ಎಳೆದಾಡುವಾಗ ಅದರ ಚಕ್ರ ಸಿಕ್ಕಿಕೊಳ್ಳುವುದಕ್ಕಲ್ಲದೆ ಬೇರಾವ ಲೋಕಕಲ್ಯಾಣಕ್ಕೂ ಆ ಪಟ್ಟಿ ಒದಗದೆಂದೇ ನಾನು ನಂಬಿದ್ದೆ. ಮೈಸೂರಿನಿಂದ ಬಂದು ನಮ್ಮೊಡನೆ ನೆಲೆಸಿರುವ ನನ್ನ ಅಮ್ಮ ಮಾತ್ರ ಶುಕ್ರವಾರಗಳಂದು ಅದಕ್ಕೇ ಅರಿಶಿನ ಕುಂಕುಮವಿಡುತ್ತಾಳೆ, ದಾಟುವಾಗ ಕಾಲನ್ನು ತುಸು ಎತ್ತಿಯೇ ಇಡುತ್ತಾಳೆ. ಇಷ್ಟು ಕ್ಷುಲ್ಲಕವಾದ ವಸ್ತುವಿನ ಮಹಿಮೆ ತಿಳಿಯಲು ನಾನು ಚೀನಾದವರೆಗೆ ಹೋಗಿ ಬರಬೇಕಾಯಿತೆಂದರೆ ನಿಮಗೆ ನಗು ಬರಬಹುದು. ನಗಿ, ಆದರೆ ಜೊತೆಗೆ ಬನ್ನಿ.

ನನ್ನ ಮಗ ನಿತಿನ್ ಮದುವೆಯಾದದ್ದು ಓಕ್ಲ್ಯಾಂಡಿನ ಆಸ್ಪತ್ರೆಯೊಂದರಲ್ಲಿ ಡಾಕ್ಟರಾಗಿರುವ ಲಿನ್ ಎಂಬ ಹುಡುಗಿಯನ್ನು. ಅವಳನ್ನು ಸಾಕಿ ಬೆಳೆಸಿದ ಅಜ್ಜಿ ಇರುವುದು ಬೀಜಿಂಗಿನಲ್ಲಿ. ಆಕೆಗೆ ವಿಮಾನಯಾನ ಸಲ್ಲದೆಂದು ವೈದ್ಯರು ಹೇಳಿದ್ದರಿಂದ ನಮ್ಮ ದಿಬ್ಬಣವೇ ವಿಮಾನವೇರಬೇಕಾಯಿತು. ಅಮ್ಮನೂ ಹೊರಟಳು, ಆದರೆ ಒಂದು ಷರತ್ತು ಹಾಕಿ.

“ಮದುವೆಗೆ ಬರ್ತೀನಿ, ಅಕ್ಷತೇನೂ ಹಾಕ್ತೀನಿ. ವಾಪಸ್ ಬಂದ್ಮೇಲೆ ಮನೆ ತುಂಬಿಸ್ಕೊಳ್ಳೋ ಶಾಸ್ತ್ರ ಮಾತ್ರ ನನ್ನ ಕೈಲಿ ಮಾಡಿಸ್ಬೇಡಿ. ಸೇರು ಒದಿಯೋದೆಲ್ಲ ಆ ಹುಡುಗಿಗೆ ತಮಾಷೆ ಥರ ಕಾಣುತ್ತೆ. ನನಗದು ತಮಾಷೆ ಅಲ್ಲ.”

ನಿತಿನ್ ಆಸೆಪಟ್ಟಿದ್ದು ಅದೊಂದನ್ನೇ. ಹೊಸಿಲ ಮೇಲಿಟ್ಟ ಅಕ್ಕಿಯ ಸೇರನ್ನು ಬಲಗಾಲಿನಿಂದ ಒಳಕ್ಕುರುಳಿಸಿ ಹೆಂಡತಿ ಮನೆಯೊಳಗೆ ಬರುವಾಗ ತನ್ನ ಅಜ್ಜಿ ಎದುರಿಗೆ ಆರತಿ ಹಿಡಿದು ನಿಂತಿರಬೇಕು. ಅವನು ಮುಖ ಸಣ್ಣದು ಮಾಡಿಕೊಂಡು ಸೂಟ್‌ಕೇಸ್ ತುಂಬತೊಡಗಿದ.

ಆದರೂ ಬೀಜಿಂಗಿನಲ್ಲಿ ಇಳಿದೊಡನೆ ನನ್ನ ಸಂಭ್ರಮಕ್ಕೆ ಪಾರವೇ ಇರಲಿಲ್ಲವೆಂದು ನಾಚದೆ ಹೇಳುತ್ತೇನೆ. ಬೇ ಏರಿಯಾದಲ್ಲಿ ಮನೆ ಮಾಡಿದವನ ಪಾಡು ನಿಮಗೆ ಗೊತ್ತಿಲ್ಲದ್ದೇನಲ್ಲ: ಊರಿನಿಂದ ಬಂದ ನೆಂಟರಿಗೆಲ್ಲ ಅದೇ ಕೆಂಪು ಸೇತುವೆಯನ್ನು ತೋರಿಸಬೇಕು, ಮಂಜು ಮುಸುಕಿ ಸೇತುವೆ ಕಾಣದಿದ್ದರೆ ಆ ಮಂಜಿನ ಪರವಾಗಿಯೂ ತಾನೇ ಕ್ಷಮೆ ಕೇಳಬೇಕು. ಈ ಸಲ ನಾನೇ ನೆಂಟ! ಬೀಗರು ಮದುವೆಯ ಮುಂಚಿನ ದಿನಗಳಲ್ಲಿ ನಮ್ಮನ್ನೆಲ್ಲ ಬಸ್ಸಿನಲ್ಲಿ ಕೂರಿಸಿ, ಬಾವುಟ ಹಿಡಿದ ಗೈಡೊಬ್ಬಳನ್ನು ಮುಂದಿಟ್ಟು, ರಾಜವಂಶಗಳನ್ನು ಊಟದ ಎಲೆಗೆ ಬಡಿಸಿದಂತೆ ಒಂದರ ಮೇಲೊಂದು ಬಡಿಸಿದರು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ, ಚೀನಾಕ್ಕೆ ಬಂದವನು ಗೋಡೆ ಹತ್ತದಿರುತ್ತಾನೆಯೇ? ಹತ್ತಿದೆ. ಒಂದು ಮೆಟ್ಟಿಲು ಗೇಣೆತ್ತರ, ಮುಂದಿನದು ಮೊಣಕಾಲೆತ್ತರ. ಶತ್ರುಗಳು ಹಿಂದಿರುಗಿದ್ದು ಸೈನ್ಯಕ್ಕೆ ಹೆದರಿಯಲ್ಲ, ಈ ಮೆಟ್ಟಿಲುಗಳಿಗೇ ಎಂಬುದು ನನ್ನ ಸ್ವಂತ ಸಂಶೋಧನೆ. ಮೇಲಿನ ಕಾವಲು ಗೋಪುರದಲ್ಲಿ ನಾವೆಲ್ಲ ಚಪಾತಿ ಚಟ್ನಿಪುಡಿ ಬಿಚ್ಚಿದೆವು. ಕೆಳಗೆ, ಗೋಡೆ ಹತ್ತಲಾರದ ಇಬ್ಬರು ಅಜ್ಜಿಯರು ಒಂದೇ ಬೆಂಚಿನ ಎರಡು ತುದಿಗಳಲ್ಲಿ, ಭಾಷೆಯಿಲ್ಲದೆ, ಬಿಗುವಾಗಿ ಕುಳಿತಿದ್ದರು.

ಮರುದಿನ ಹಳೆಯ ಅರಮನೆ. ಅಂಗಳದಾಚೆ ಅಂಗಳ, ಬಾಗಿಲಿನಾಚೆ ಬಾಗಿಲು, ಕೆಲವು ಬಾಗಿಲುಗಳಿಗೆ ಮೊಣಕಾಲಿಗೆ ಬರುವಷ್ಟು ದೊಡ್ಡ ಮರದ ಹೊಸಿಲುಗಳು. ಉತ್ಸಾಹ ನೆತ್ತಿಗೇರಿದ್ದ ನಾನು ಫೋಟೋ ಚೆನ್ನಾಗಿ ಬರಲೆಂದು ಅಂಥದೊಂದರ ಮೇಲೆ ಹತ್ತಿ, ಸೊಂಟಕ್ಕೆ ಕೈಯಿಟ್ಟು, ಸಾಕ್ಷಾತ್ ಚಕ್ರವರ್ತಿಯ ಭಂಗಿಯಲ್ಲಿ ನಿಂತೆ.

“ಏ, ಇಳಿಯೋ! ಹೊಸಿಲು ತುಳೀತಾನೆ, ಮಗನ ಮದುವೆ ಮಾಡೋ ವಯಸ್ಸಾದ್ರೂ ಬುದ್ಧಿ ಬರ್ಲಿಲ್ಲ!” ಎಂದು ಎಡಗಡೆಯಿಂದ ಅಮ್ಮ ಕೂಗಿದಳು. ಅದೇ ಕ್ಷಣದಲ್ಲಿ ಬಲಗಡೆಯಿಂದ ಲಿನ್‌ಳ ಅಜ್ಜಿ ಚೀನೀ ಭಾಷೆಯಲ್ಲಿ ಅಷ್ಟೇ ಉದ್ದದ ಬೈಗುಳವೊಂದನ್ನು ಬಿಟ್ಟು, ಊರುಗೋಲಿನಿಂದ ನನ್ನ ಮೊಣಕಾಲಿಗೆ ತಟ್ಟಿದರು. ಚಕ್ರವರ್ತಿ ಇಳಿದ.

ಲಿನ್ ನಗು ತಡೆಯಲಾರದೆ ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಿತಿನ್ ಕನ್ನಡಕ್ಕೆ ತಂದ: “ಅಜ್ಜೀ, ಅವರಲ್ಲೂ ಹೊಸಿಲು ತುಳೀಬಾರ್ದಂತೆ. ಮನೆ ಹಿರಿಯರ ಹೆಗಲು ತುಳಿದ ಹಾಗಂತೆ. ಚಿಕ್ಕೋಳಿದ್ದಾಗ ಇವಳೂ ಅಜ್ಜಿ ಕೈಲಿ ಏಟು ತಿಂದಿದ್ದಾಳಂತೆ.”

ಅಮ್ಮ ಲಿನ್‌ಳನ್ನು ನೋಡಿದಳು. ಆಮೇಲೆ ಆ ಅಜ್ಜಿಯನ್ನು ನೋಡಿದಳು. ಇಬ್ಬರು ಅಜ್ಜಿಯರೂ ನನ್ನತ್ತ ಬೆರಳು ತೋರಿಸಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಲ್ಲಿಂದ ಮುಂದಿನ ಹೊಸಿಲುಗಳನ್ನೆಲ್ಲ ಅವರು ಕೈಕೈ ಹಿಡಿದೇ ದಾಟಿದರು. ನಡೆದು ನಡೆದು ಸೊಂಟ ಹಿಡಿದು ಬಗ್ಗಲಾಗದಿದ್ದ ಅಮ್ಮನ ಪರವಾಗಿ ಲಿನ್ ಒಂದು ಹೊಸಿಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು, ಅಮ್ಮ ಹಾಗೆ ಮಾಡುವುದನ್ನು ಎಲ್ಲಿ ನೋಡಿದ್ದಳೋ ಏನೋ. ನನ್ನ ಮಾನ ಹೋದದ್ದಕ್ಕೆ ಅಷ್ಟು ಖುಷಿಯಾದದ್ದು ಅದೇ ಮೊದಲು.

ಮದುವೆ ಮುಗಿಸಿ ಹಿಂದಿರುಗುವ ವಿಮಾನದಲ್ಲಿ ಅಮ್ಮ ಕಣ್ಣು ಮುಚ್ಚಿಕೊಂಡೇ ಕೇಳಿದಳು: “ಮನೇಲಿ ಸೇರು ಇದ್ಯೇನೋ?”

ಇರಲಿಲ್ಲ. ಸ್ಟೀಲಿನ ಚೊಂಬಿಗೆ ಸೋನಾ ಮಸೂರಿ ತುಂಬಿ ಆ ಬಡ ಪಟ್ಟಿಯ ಮೇಲಿಟ್ಟೆವು. ಲಿನ್ ಬಲಗಾಲಿನಿಂದ ಚೊಂಬನ್ನು ಮೆಲ್ಲಗೆ ಉರುಳಿಸಿದಳು, ಆಮೇಲೆ ಅರಮನೆಯ ಹೊಸಿಲನ್ನೇ ದಾಟುವವಳಂತೆ, ಸೀರೆಯ ನೆರಿಗೆ ಹಿಡಿದು, ಕಾಲನ್ನು ಮೊಣಕಾಲೆತ್ತರಕ್ಕೆ ಎತ್ತಿ ಒಳಗಿಟ್ಟಳು. ಅಮ್ಮ ಆರತಿ ಬೆಳಗಿದಳು. “ಬಾಮ್ಮ, ಒಳಗ್ ಬಾ” ಎಂದಳು.

ಮುಂದಿನ ಶನಿವಾರ ವ್ಯಾಕ್ಯೂಮ್ ಕ್ಲೀನರಿನ ಚಕ್ರ ಯಥಾಪ್ರಕಾರ ಸಿಕ್ಕಿಕೊಂಡಿತು. ಈ ಸಲ ಪಟ್ಟಿಯ ಸಂದಿನಲ್ಲಿ ಅಕ್ಕಿಕಾಳುಗಳೂ ಇದ್ದವು. ಚಕ್ರ ಬಿಡಿಸಲು ನಾನು ಪಟ್ಟಿಯ ಮೇಲೆ ಕಾಲೂರಿದ್ದೆನಷ್ಟೆ, ಸೋಫಾದಿಂದ ಲಿನ್ ಕೂಗಿದಳು: “ಮಾವ, ಹೊಸಿಲು!”

ಅಡುಗೆಮನೆಯಿಂದ ಅಮ್ಮನ ದನಿ ಬಂತು: “ಹಾಗೆ ಹೇಳಮ್ಮ. ಚಿಕ್ಕಂದಿನಿಂದ ಹೇಳಿ ಹೇಳಿ ನನಗೆ ಸಾಕಾಯ್ತು. ಇನ್ಮೇಲೆ ಈ ಹೊಸಿಲು ನಿಂದು.”