ಮಾರಿಕಣಿವೆಯ ಮೋಟಾರು ದೋಣಿ

ಹಿರಿಯೂರಿನಲ್ಲಿ ನಮ್ಮ ಅಂಗಡಿಯ ಪಕ್ಕದಲ್ಲಿದ್ದ ಪಂಪ್‌ಸೆಟ್ ಮೆಕ್ಯಾನಿಕ್ ಸಾಬರು ಯಾವ ಹಳೇ ಮೋಟಾರನ್ನೂ ಗುಜರಿಗೆ ಬಿಡುತ್ತಿರಲಿಲ್ಲ. ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು, "ಜೀವ ಐತೆ ಬಿಡ್ರಿ" ಎನ್ನುತ್ತಿದ್ದರು.

ಒಮ್ಮೆ ಅವರ ಜೊತೆ ಮಾರಿಕಣಿವೆ ಡ್ಯಾಮಿಗೆ ಹೋಗಿದ್ದೆ. ತೀರಿಹೋದ ಗಂಡನ ಮೋಟಾರು ದೋಣಿ ರಿಪೇರಿಯಾದೀತೇ ಎಂದು ಕೇಳಲು ದಂಡೆಯ ಮನೆಯ ಹೆಂಗಸೊಬ್ಬಳು ಕರೆಸಿದ್ದಳು. ಸಾಬರು ತಳದ ಹಲಗೆ ಒತ್ತಿದರು. ಹೆಬ್ಬೆರಳು ಒಳಗೇ ಹೋಯಿತು.

"ದೋಣಿ ಆಗಲ್ಲಕ್ಕ. ಇಂಜಿನ್ನಿಗೆ ಜೀವ ಐತೆ."

"ಹಂಗಾರೆ ಒಂದ್ಸಲ ಸದ್ದು ಕೇಳ್ಸ್ರಿ ಸಾಬ್ರೆ. ದಿನಾ ಅದು ಕೇಳಿದ್ಮ್ಯಾಲೇ ನಾನು ಮುದ್ದೆಗೆ ಎಸರಿಡ್ತಿದ್ದೆ."

ಸಾಬರು ಇಂಜಿನ್ ಬಿಚ್ಚಿ ಒರೆಸಿ, ಚೂರು ಪೆಟ್ರೋಲು ಹಾಕಿ, ಫ್ಯಾನು ಮುಳುಗುವಂತೆ ನೀರು ತುಂಬಿದ ಡ್ರಮ್ಮಿನ ಅಂಚಿಗೆ ಸಿಕ್ಕಿಸಿ, ಸ್ಟಾರ್ಟ್ ಮಾಡುವ ಹಗ್ಗ ಎಳೆದರು. ಸದ್ದು ಎದ್ದೊಡನೆ ಒಲೆಯತ್ತ ಹೊರಟ ಆಕೆ, ಹೊಸ್ತಿಲಲ್ಲೇ ನಿಂತುಬಿಟ್ಟಳು.

ಆರಿಸಲು ಸಾಬರ ಕೈ ಏಳಲಿಲ್ಲ. ಪೆಟ್ರೋಲು ಮುಗಿದು ಅದಾಗೇ ನಿಲ್ಲುವವರೆಗೂ ತಲೆ ತಗ್ಗಿಸಿ ಕೂತಿದ್ದರು.